ಕುಸಿದ ಅಡುಗೆಮನೆ ನೆಲ: ಬ್ರೇಕರ್ ತರುವ ಮೊದಲು ಸಿಂಕಿನ ಕೆಳಗೆ ನೋಡಿ

ಪ್ರಶ್ನೆ: ತ್ಯಾಗರಾಜನಗರದಲ್ಲಿ 1984ರಲ್ಲಿ ಮಾವನವರು ಕಟ್ಟಿಸಿದ ಮನೆ ನಮ್ಮದು. ನಾವು ಕೆಳಗಿದ್ದೇವೆ, ಮಹಡಿಯಲ್ಲಿ ಬಾಡಿಗೆಯವರಿದ್ದಾರೆ. ಅಡುಗೆಮನೆ ಹತ್ತಡಿಗೆ ಎಂಟಡಿ, ಮೊಸಾಯಿಕ್ ನೆಲ. ಈಚೆಗೆ ಸಿಂಕಿನ ಮುಂದೆ ನೆಲ ತಗ್ಗಾಗುತ್ತಿದೆ, ಅಲ್ಲಿ ನಾಲ್ಕೈದು ಕಲ್ಲು ಕಾಲಿಟ್ಟರೆ ಅಲ್ಲಾಡುತ್ತವೆ. ಒಬ್ಬ ಮೇಸ್ತ್ರಿ ಬ್ರೇಕರ್ ತಂದು ಎರಡು ದಿನದಲ್ಲಿ ಎಲ್ಲ ಕಿತ್ತುಹಾಕುತ್ತೇನೆ ಅನ್ನುತ್ತಾರೆ. ಇನ್ನೊಬ್ಬರು ಒಡೆಯುವುದೇ ಬೇಡ, ಇದರ ಮೇಲೇ ಟೈಲ್ಸ್ ಅಂಟಿಸೋಣ ಅನ್ನುತ್ತಾರೆ. ಗ್ರಾನೈಟ್ ಕಟ್ಟೆ ಚೆನ್ನಾಗಿದೆ, ಅದನ್ನು ಉಳಿಸಿಕೊಳ್ಳಬೇಕು. ಅತ್ತೆಯವರಿಗೆ ಉಬ್ಬಸ ಇದೆ. ಹಳೆಯ ನೆಲ ಒಡೆದರೆ ಆಸ್ಬೆಸ್ಟಾಸ್ ಪುಡಿ ಏಳುತ್ತದೆ ಎಂದು ಅಮೆರಿಕದಲ್ಲಿರುವ ಮಗ ಫೋನಿನಲ್ಲಿ ಎಚ್ಚರಿಸುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರು ಮೇಸ್ತ್ರಿಗಳೂ ಮೇಲಿನ ಕಲ್ಲನ್ನು ನೋಡಿ ಮಾತಾಡಿದ್ದಾರೆ. ನಿಮ್ಮ ಪತ್ರದಲ್ಲಿ ಮುಖ್ಯವಾದ ಮಾತು ಬೇರೆ ಇದೆ. ನೆಲ ತಗ್ಗಾಗಿರುವುದು ಸಿಂಕಿನ ಮುಂದೆ ಮಾತ್ರ, ಅದೂ ಈಚೆಗೆ. ನಾಲ್ಕು ದಶಕ ಅಲ್ಲಾಡದೆ ನಿಂತ ನೆಲ ಒಂದೇ ಕಡೆ ಕುಸಿಯುತ್ತಿದೆ ಅಂದರೆ ಅದರ ಅಡಿಯ ಮಣ್ಣು ಜಾಗ ಬಿಡುತ್ತಿದೆ. ಆ ಜಾಗದಲ್ಲಿ ಮಣ್ಣನ್ನು ಹೊತ್ತೊಯ್ಯುವುದು ಬಹುಪಾಲು ನೀರೇ. ಆ ನೀರು ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿಯದೆ ಮೇಲೆ ಏನು ಹಾಕಿದರೂ, ಎಷ್ಟು ಬೆಲೆಯ ಟೈಲ್ಸ್ ಹಾಕಿದರೂ, ಒಂದೆರಡು ಮಳೆಗಾಲದಲ್ಲಿ ಮತ್ತೆ ಅದೇ ಜಾಗ ಕೂರುತ್ತದೆ. ಆದ್ದರಿಂದ ಮೇಲೆಯೇ ಅಂಟಿಸುವ ಮಾತನ್ನು ನಿಮ್ಮ ಮನೆಯ ಮಟ್ಟಿಗೆ ಈಗಲೇ ಕೈಬಿಡಿ. ಹಾಗೆಂದು ಎಂಬತ್ತು ಚದರ ಅಡಿಯನ್ನೂ ನಾಳೆಯೇ ಒಡೆಸಬೇಕಿಲ್ಲ.

ಆ ಕಾಲದ ಮನೆಗಳಲ್ಲಿ ಸಿಂಕಿನ ನೀರು ಹೊರಗಿನ ಚೇಂಬರಿಗೆ ಹೋಗುತ್ತಿದ್ದುದು ಹೆಚ್ಚಾಗಿ ಸ್ಟೋನ್‌ವೇರ್ ಪೈಪಿನಲ್ಲಿ. ಕಂದು ಬಣ್ಣದ, ಮೇಲೆ ಹೊಳಪಿರುವ, ಸುಟ್ಟ ಮಣ್ಣಿನ ಪೈಪು. ಎರಡಡಿ ಉದ್ದದ ತುಂಡುಗಳನ್ನು ಒಂದರ ಬಾಯಿಗೆ ಇನ್ನೊಂದರ ತುದಿ ಕೂರಿಸಿ, ಸಂದಿಗೆ ಸೆಣಬು ತುರುಕಿ, ಸಿಮೆಂಟ್ ಮೆತ್ತುತ್ತಿದ್ದರು. ಪೈಪು ಗಟ್ಟಿ, ನೂರು ವರ್ಷ ಬಾಳುತ್ತದೆ. ಸೋಲುವುದು ಜೋಡಣೆ. ನೆಲ ಒಂದು ಕೂದಲೆಳೆಯಷ್ಟು ಕೂತರೂ ಆ ಸಿಮೆಂಟ್ ಬಿರುಕು ಬಿಡುತ್ತದೆ. ದಿನಕ್ಕೆ ಹತ್ತು ಸಲ ಪಾತ್ರೆ ತೊಳೆದ ನೀರು ಅಲ್ಲಿ ಸ್ವಲ್ಪ ಸ್ವಲ್ಪವೇ ಇಳಿದು, ತುಂಬಿದ ಮಣ್ಣನ್ನು ಮೆತ್ತಗೆ ಮಾಡಿ, ಬಿಟ್ಟಲ್ಲಿಂದ ತಳ್ಳಿಕೊಂಡು ಹೋಗುತ್ತದೆ. ಹಿಂದೆಯೇ ಹೆಗ್ಗಣ ಬರುತ್ತದೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಅಡುಗೆಮನೆ ನೆಲ ತೆರೆದಾಗ ನಾನು ಮತ್ತೆ ಮತ್ತೆ ಕಾಣುವ ದೃಶ್ಯ ಇದು: ಕಲ್ಲಿನಡಿಯ ಗಾರೆ ಹಾಗೇ ಹಲಗೆಯಂತೆ ನಿಂತಿರುತ್ತದೆ, ಅದರ ಕೆಳಗೆ ಗೇಣುದ್ದ ಖಾಲಿ, ಬೂದುಬಣ್ಣದ ಒದ್ದೆ ಮಣ್ಣು, ಹಳಸಿದ ಗಂಜಿಯ ವಾಸನೆ, ಪೈಪಿನ ಪಕ್ಕದಲ್ಲಿ ಮುಷ್ಟಿ ಹೋಗುವಷ್ಟು ಬಿಲ, ಬಿಲದ ಬಾಯಲ್ಲಿ ಈರುಳ್ಳಿ ಸಿಪ್ಪೆ, ಹಾಲಿನ ಪ್ಯಾಕೆಟ್ಟಿನ ಚೂರು. ನೆಲ ಅಷ್ಟು ಕಾಲ ನಿಂತಿದ್ದೇ ಆ ಗಾರೆಯ ಬಲದಿಂದ.

ನಿಮ್ಮಲ್ಲೂ ಹೀಗೇ ಆಗಿದೆಯೇ ಎಂದು ಒಡೆಯದೆಯೇ ಪರೀಕ್ಷಿಸಬಹುದು. ಹೊರಗಿನ ಚೇಂಬರಿನ ಮುಚ್ಚಳ ತೆಗೆದು, ಅಡುಗೆಮನೆಯಿಂದ ಬರುವ ಪೈಪಿನ ಬಾಯಿಗೆ ಹಳೆಯ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಿಗಿಯಾಗಿ ತುರುಕಿಸಿ. ಒಳಗೆ ನಾನಿ ಟ್ರ್ಯಾಪಿನ, ಅಂದರೆ ನೆಲದ ನೀರು ಹೋಗುವ ಗುಂಡಿಯ, ಜಾಲರಿ ತೆಗೆದು ಬಾಯಿವರೆಗೆ ನೀರು ತುಂಬಿ ಗುರುತು ಹಾಕಿ. ಮಹಡಿಯವರ ಸಿಂಕ್ ಇದೇ ಸಾಲಿಗೆ ಸೇರಿದ್ದರೆ ಆ ಒಂದು ಗಂಟೆ ಅವರೂ ನೀರು ಬಿಡಬಾರದು, ಹೇಳಿಟ್ಟಿರಿ. ಗಂಟೆಯ ನಂತರ ಚೇಂಬರಿನಲ್ಲಿ ಒಂದು ತೊಟ್ಟೂ ಬರದೆ ಒಳಗಿನ ನೀರು ಇಳಿದಿದ್ದರೆ ಪೈಪು ನೆಲದೊಳಗೆ ಸೋರುತ್ತಿದೆ.

ಇಳಿಯದಿದ್ದರೆ ಅನುಮಾನ ನಲ್ಲಿಗೆ ನೀರು ತರುವ ಪೈಪಿನ ಮೇಲೆ. ಆ ಕಾಲದ ಜಿಐ ಪೈಪು (ಸತು ಲೇಪಿಸಿದ ಕಬ್ಬಿಣದ್ದು) ಒಳಗಿನಿಂದ ತುಕ್ಕು ಹಿಡಿದು ಸೂಜಿ ಮೊನೆಯಷ್ಟು ತೂತಾಗುತ್ತದೆ. ಮೀಟರ್ ನೋಡಿ ಇದನ್ನು ಕಂಡುಹಿಡಿಯುತ್ತೇನೆ ಎಂದು ಕೆಲವರು ಹೊರಡುತ್ತಾರೆ, ಆದರೆ ನಮ್ಮೂರಿನ ಮನೆಗಳಲ್ಲಿ ಜಲಮಂಡಳಿಯ ಮೀಟರ್ ಇರುವುದು ಸಂಪಿಗೆ ಮುಂಚೆ. ಸಂಪಿನಿಂದ ಮೇಲಿನ ಟ್ಯಾಂಕಿಗೆ ಹತ್ತಿ ಅಲ್ಲಿಂದ ಇಳಿಯುವ ನೀರು ಸೋರಿದರೆ ಮೀಟರಿಗೆ ಗೊತ್ತಾಗುವುದಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಟ್ಯಾಂಕಿನಲ್ಲಿ ನೀರಿನ ಮಟ್ಟ ಗುರುತು ಮಾಡಿ, ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು ನೋಡಿ. ಬಾಡಿಗೆಯವರ ಮನೆಯ ಕಮೋಡಿನ ಫ್ಲಶ್ ಸೋರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಇದನ್ನು ಮಾಡಿ, ಇಲ್ಲದಿದ್ದರೆ ತಪ್ಪು ಲೆಕ್ಕ ಸಿಗುತ್ತದೆ.

ಈಗ ಒಂದು ರೂಪಾಯಿ ನಾಣ್ಯ ತೆಗೆದುಕೊಂಡು ಇಡೀ ನೆಲವನ್ನು ಕಲ್ಲು ಕಲ್ಲಿಗೂ ಕುಟ್ಟುತ್ತಾ ಬನ್ನಿ. ಗಟ್ಟಿ ಕೂತ ಕಲ್ಲು ಚಿಕ್ಕದಾಗಿ ಟಿಕ್ ಅನ್ನುತ್ತದೆ. ಅಡಿ ಬಿಟ್ಟ ಕಲ್ಲು ಟೊಳ್ಳು ದನಿ ಕೊಡುತ್ತದೆ, ಪಕ್ಕಪಕ್ಕ ಕುಟ್ಟಿದರೆ ಯಾರ ಕಿವಿಗೂ ವ್ಯತ್ಯಾಸ ತಿಳಿಯುತ್ತದೆ. ಟೊಳ್ಳಾದವಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ. ಗುರುತುಗಳು ಸಿಂಕಿನ ಸುತ್ತ ಮೂರ್ನಾಲ್ಕು ಅಡಿಯೊಳಗೇ ನಿಂತರೆ ಒಂದು ತೀರ್ಮಾನ, ಎದುರು ಗೋಡೆಯವರೆಗೂ ಹರಡಿದ್ದರೆ ಇನ್ನೊಂದು.

ಮೊದಲನೆಯದಾದರೆ, ಇಬ್ಬರು ಮೇಸ್ತ್ರಿಗಳೂ ಹೇಳದ ಮೂರನೆಯ ದಾರಿ ನಿಮಗಿದೆ, ನನ್ನ ಒಲವೂ ಅದರ ಕಡೆಗೇ. ಸಿಂಕಿನ ಕಡೆಯ ಕಲ್ಲುಗಳನ್ನು ಮಾತ್ರ ಇಡಿಯಾಗಿ ಎಬ್ಬಿಸಿ, ಪೈಪು ಬದಲಿಸಿ, ಅಡಿ ಗಟ್ಟಿ ಮಾಡಿ, ಅವೇ ಕಲ್ಲುಗಳನ್ನು ಕೂರಿಸಿ ಇಡೀ ನೆಲಕ್ಕೆ ಪಾಲಿಶ್ ಮಾಡಿಸುವುದು. ಮೊಸಾಯಿಕ್ ಕಲ್ಲು ಸಾಮಾನ್ಯವಾಗಿ 20ರಿಂದ 25 ಮಿ.ಮೀ. ದಪ್ಪ, ಅದರಲ್ಲಿ ಅಮೃತಶಿಲೆ ಚೂರಿನ ಮೇಲ್ಪದರವೇ ಐದಾರು ಮಿ.ಮೀ. ಇರುತ್ತದೆ. ನಲವತ್ತು ವರ್ಷದ ಕೊಳೆ, ಎಣ್ಣೆ, ಗೀರು ಹೋಗಲು ತೆಳುವಾಗಿ ಒಂದು ಪದರ ಉಜ್ಜಿದರೆ ಸಾಕು. ಮೆಷಿನ್‌ಗೆ ಮೊದಲು ಒರಟು ಕಲ್ಲು, ಆಮೇಲೆ 120, ಕೊನೆಗೆ 320 ನಂಬರಿನ ಕಲ್ಲು ಹಾಕಿ, ಆಕ್ಸಾಲಿಕ್ ಆ್ಯಸಿಡ್ ಪುಡಿಯಿಂದ ಮುಗಿಸುತ್ತಾರೆ. ಹಳೆಯದು, ಹೊಸದಾಗಿ ಕೂರಿಸಿದ್ದು ಎರಡೂ ಒಂದೇ ಮಟ್ಟಕ್ಕೆ ಬರುವುದೂ ಈ ಉಜ್ಜಾಟದಲ್ಲೇ. ಉಜ್ಜುವಾಗ ಬರುವ ಬೂದುಬಣ್ಣದ ರಾಡಿಯನ್ನು ಮಾತ್ರ ನಾನಿ ಟ್ರ್ಯಾಪಿಗೆ ಬಿಡಗೊಡಬೇಡಿ. ಅದು ಹೊಸ ಪೈಪಿನೊಳಗೆ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಟ್ರ್ಯಾಪಿಗೆ ಬಟ್ಟೆ ತುರುಕಿ, ರಾಡಿಯನ್ನು ಬಕೆಟ್ಟಿಗೆ ಎಳೆಸಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಳ್ಳೆಯ ಮೊಸಾಯಿಕ್ ನೆಲ, ಅದಕ್ಕಿಂತ ಹಳೆಯ ಮನೆಗಳ ಕೆಂಪು ಗಾರೆ ನೆಲ, ಇವುಗಳನ್ನು ಬರೀ ಹಳತಾಯಿತೆಂದು ಒಡೆಯುವುದು ನನಗೆ ನಿಜವಾಗಿ ಸಂಕಟ ಕೊಡುತ್ತದೆ. ಕೆಂಪು ಗಾರೆಯನ್ನು ಅಂದಿನ ನಯಕ್ಕೆ ತೀಡುವ ಕೈಗಳು ಈಗ ಊರಲ್ಲಿ ಬಹಳ ಕಡಿಮೆ. ಬಿಸಿ ಎಣ್ಣೆ ಚೆಲ್ಲಿದರೂ ಕುಕ್ಕರ್ ಬಿದ್ದರೂ ತಡೆದುಕೊಳ್ಳುವ, ಬೇಸಿಗೆಯಲ್ಲಿ ತಂಪಾಗಿರುವ ನೆಲ ಅದು.

ಟೊಳ್ಳು ಎಲ್ಲೆಡೆ ಹರಡಿದ್ದರೆ, ಅಥವಾ ನಿಮಗೇ ಹೊಸ ಟೈಲ್ಸ್ ಬೇಕೆಂದಿದ್ದರೆ, ಇಡೀ ನೆಲ ತೆಗೆಯಲೇಬೇಕು. ಆಗಲೂ ಗಟ್ಟಿ ಇರುವ ಹತ್ತು ಹದಿನೈದು ಕಲ್ಲನ್ನು ಇಡಿಯಾಗಿ ಎಬ್ಬಿಸಿ ಎತ್ತಿಟ್ಟುಕೊಳ್ಳಿ. ಹಾಲಿನಲ್ಲೂ ಇದೇ ಮೊಸಾಯಿಕ್ ಇದ್ದರೆ ಮುಂದೆ ಅಲ್ಲೊಂದು ಕಲ್ಲು ಒಡೆದಾಗ ಅದೇ ಬಣ್ಣ, ಅದೇ ಚೂರಿನ ಕಲ್ಲು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಒಡೆಯುವ ಮುನ್ನ ಆಗಲೇಬೇಕಾದ ಒಂದು ಕೆಲಸವನ್ನು ಹೆಚ್ಚಿನವರು ಮಾಡಿಸುವುದಿಲ್ಲ. ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರು ತುಂಬಿದ ಟ್ಯೂಬು) ಹಿಡಿದು, ಹಾಲಿನ ನೆಲದಿಂದ ಸರಿಯಾಗಿ ಒಂದು ಮೀಟರ್ ಎತ್ತರಕ್ಕೆ ಅಡುಗೆಮನೆಯ ನಾಲ್ಕೂ ಗೋಡೆಗೆ ಗೆರೆ ಹೊಡೆಸಿ. ನೆಲ ಕಿತ್ತ ಮೇಲೆ ಹಳೆಯ ಮಟ್ಟ ಎಲ್ಲಿತ್ತು ಎಂದು ಹೇಳಲು ಏನೂ ಉಳಿದಿರುವುದಿಲ್ಲ. ಎಷ್ಟೋ ಮನೆಗಳಲ್ಲಿ ಹೊಸ ಅಡುಗೆಮನೆ ಹಾಲಿಗಿಂತ ಅರ್ಧ ಇಂಚು ಎತ್ತರವಾಗಿ, ಚೆಲ್ಲಿದ ನೀರೆಲ್ಲ ಹೊಸ್ತಿಲು ದಾಟುವುದು ಈ ಗೆರೆ ಇಲ್ಲದ್ದರಿಂದ.

ಇನ್ನು ಕಟ್ಟೆ. ಗ್ರಾನೈಟ್ ಚಪ್ಪಡಿ ಯಾವುದರ ಮೇಲೆ ನಿಂತಿದೆ ಎಂದು ಬಗ್ಗಿ ನೋಡಿ. ಇಟ್ಟಿಗೆ ಗೋಡೆಯಾದರೆ ಭಯ ಕಡಿಮೆ. ಕಡಪ ಕಲ್ಲನ್ನು ನೆಟ್ಟಗೆ ನಿಲ್ಲಿಸಿದ್ದರೆ, ಅದು ಬಹಳ ಸಲ ನೆಲದ ಮೇಲೇ ಕೂತಿರುತ್ತದೆ. ಅಡಿಯ ಕಲ್ಲನ್ನು ಕಿತ್ತರೆ ಕಡಪ ಜಗ್ಗುತ್ತದೆ, ಮೇಲಿನ ಗ್ರಾನೈಟ್ ಸೀಳುತ್ತದೆ. ಸೀಳು ಶುರುವಾಗುವುದು ಹೆಚ್ಚಾಗಿ ಸಿಂಕಿಗೆ ಕೊರೆದ ಜಾಗದ ಮೂಲೆಯಿಂದ, ಏಕೆಂದರೆ ಅಲ್ಲಿ ಮುಂದೆ ಹಿಂದೆ ನಾಲ್ಕು ಬೆರಳಗಲದ ಪಟ್ಟಿಯಷ್ಟೇ ಕಲ್ಲು ಉಳಿದಿರುತ್ತದೆ. ಆದ್ದರಿಂದ ಕಡಪದಿಂದ ಮೂರು ಇಂಚು ಬಿಟ್ಟು ಕಟರಿನಲ್ಲಿ ನೆಲಕ್ಕೆ ಗೆರೆ ಕೊಯ್ಯಿಸಿ. ಪೆಟ್ಟಿನ ಅದುರು ಆ ಗೆರೆಯಲ್ಲೇ ನಿಲ್ಲುತ್ತದೆ. ಕಟ್ಟೆಯಡಿಯ ನೆಲವನ್ನು ಹಾಗೇ ಬಿಡಿ. ಸಿಂಕಿನ ಎರಡು ಬದಿಗೂ ಗ್ರಾನೈಟಿನಡಿ ಮರದ ತುಂಡಿನ ಆಸರೆ ಕೊಡಿಸಿ. ಪೈಪು ಕಟ್ಟೆಯಡಿಯಲ್ಲೇ ಹಾದುಹೋಗಿದ್ದು ಅಲ್ಲೇ ತೋಡಬೇಕಾಗಿ ಬಂದರೆ, ಚಪ್ಪಡಿಯನ್ನು ಮೊದಲೇ ಬಿಡಿಸಿ ಎತ್ತಿ ಗೋಡೆಗೆ ಅಂಚಿನ ಮೇಲೆ ನಿಲ್ಲಿಸಿಡುವುದು ಕ್ಷೇಮ. ಗೋಡೆಯಂಚಿನ ಸ್ಕರ್ಟಿಂಗನ್ನೂ ಮೊದಲು ಬ್ಲೇಡಿನಿಂದ ಬಿಡಿಸಿ, ಇಲ್ಲದಿದ್ದರೆ ನೆಲದ ಕಲ್ಲಿನ ಜೊತೆ ಗೋಡೆಯ ಗಾರೆಯೂ ಕಳಚಿ ಬರುತ್ತದೆ.

ಸಿಲಿಂಡರ್ ಹೊರಗಿಡಿ. ಪೈಪಿನ ಗ್ಯಾಸ್ ಇದ್ದರೆ ಅದನ್ನು ಕೊಟ್ಟ ಕಂಪನಿಯವರೇ ಬಂದು ಬಂದ್ ಮಾಡಬೇಕು, ಪ್ಲಂಬರ್ ಅಲ್ಲ. ಅಡುಗೆಮನೆಯ ಎಂಸಿಬಿ ಇಳಿಸಿ, ಬ್ರೇಕರಿಗೆ ಬೇರೆ ಕೋಣೆಯಿಂದ, ಕರೆಂಟ್ ಸೋರಿದ ಕ್ಷಣ ತಾನಾಗಿ ಆರಿಸುವ ಇಎಲ್‌ಸಿಬಿ ಅಥವಾ ಆರ್‌ಸಿಸಿಬಿ ಇರುವ ಲೈನಿನಿಂದ ಕರೆಂಟ್ ಕೊಡಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಕೆಲಸ ಮಾಡುವ ಹುಡುಗನ ಜೀವ ಉಳಿಸುವುದು ಅದೊಂದೇ.

ಒಡೆಯಲು ಶುರುಮಾಡುವುದು ಅಲ್ಲಾಡುವ ಕಲ್ಲಿನಿಂದ. ಅಲ್ಲಿ ಆಗಲೇ ಸಂದಿ ಇದೆ, ಒಂದು ಕಲ್ಲು ಎದ್ದರೆ ಪಕ್ಕದ್ದಕ್ಕೆ ಅಂಚು ಸಿಗುತ್ತದೆ. ಚಾಣವನ್ನು ನೆಟ್ಟಗೆ ಹಿಡಿದರೆ ಪೆಟ್ಟೆಲ್ಲ ಕೆಳಗಿನ ಕಾಂಕ್ರೀಟಿಗೆ ಹೋಗುತ್ತದೆ. ಓರೆಯಾಗಿ ಕಲ್ಲಿಗೂ ಗಾರೆಗೂ ನಡುವೆ ತೂರಿಸಿದರೆ ಕಲ್ಲು ಎದ್ದು ಬರುತ್ತದೆ. ಐದು ಕೆ.ಜಿ. ತೂಕದ ಚಿಕ್ಕ ಬ್ರೇಕರ್ ನಿಮ್ಮ ಕೆಲಸಕ್ಕೆ ಸಾಕು. ರಸ್ತೆ ಅಗೆಯುವಂಥ ದೊಡ್ಡ ಮೆಷಿನ್ ತಂದರೆ ಒಳಗೆ ಬಿಡಬೇಡಿ. ಪೈಪಿನ ಹತ್ತಿರ ಬಂದಾಗ ಮೆಷಿನ್ ನಿಲ್ಲಿಸಿ ಕೈಯುಳಿ, ಸುತ್ತಿಗೆಯಲ್ಲೇ ಮುಗಿಸಲಿ.

ಆಸ್ಬೆಸ್ಟಾಸ್ ಬಗ್ಗೆ ಮಗ ಹೇಳಿದ್ದು ಅಲ್ಲಿಯ ಮಟ್ಟಿಗೆ ಸತ್ಯ. ಅಮೆರಿಕದಲ್ಲಿ 1980ರ ದಶಕಕ್ಕೆ ಮುಂಚಿನ ಮನೆಗಳ ವಿನೈಲ್ ಟೈಲ್ಸ್‌ನಲ್ಲಿ, ಅದನ್ನು ಅಂಟಿಸಿದ ಕಪ್ಪು ಅಂಟಿನಲ್ಲಿ ಆಸ್ಬೆಸ್ಟಾಸ್ ನಾರು ಇರುವುದುಂಟು. ಅದಕ್ಕೇ ಅಲ್ಲಿ ಮೊದಲು ಚೂರು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ನಿಮ್ಮ ಮೊಸಾಯಿಕ್‌ನಲ್ಲಿರುವುದು ಸಿಮೆಂಟ್, ಕಲ್ಲುಚೂರು, ಬಣ್ಣ. ನಮ್ಮಲ್ಲಿ ಆಸ್ಬೆಸ್ಟಾಸ್ ಹೆಚ್ಚಾಗಿ ಇರುವುದು ತಲೆಯ ಮೇಲೆ, ಹಿಂದಿನ ಯುಟಿಲಿಟಿಗೆ ಹೊದಿಸಿದ ಕಲ್ನಾರು ಶೀಟಿನಲ್ಲಿ. ನಿಮ್ಮಲ್ಲಿ ಅದಿದ್ದರೆ, ಈ ಕೆಲಸದ ಭರದಲ್ಲಿ ಆ ಶೀಟನ್ನು ಯಾರೂ ಕೊಯ್ಯದಂತೆ, ತೂತು ಹೊಡೆಯದಂತೆ ನೋಡಿಕೊಳ್ಳಿ.

ಆದರೆ ಮಗನ ಆತಂಕವನ್ನು ತಳ್ಳಿಹಾಕಬೇಡಿ. ಮರಳು ಗಾರೆ ಒಡೆದಾಗ, ಗ್ರಾನೈಟ್ ಅಥವಾ ಟೈಲ್ಸ್ ಕೊಯ್ದಾಗ ಏಳುವ ಸಣ್ಣ ದೂಳಿನಲ್ಲಿ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣುವ ದೂಳು ಮೂಗಿನಲ್ಲೇ ನಿಲ್ಲುತ್ತದೆ, ಕಾಣದಷ್ಟು ಸಣ್ಣದು ಶ್ವಾಸಕೋಶದ ತಳ ಸೇರುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಬರುವ ಸಿಲಿಕೋಸಿಸ್ ವಾಸಿಯಾಗುವುದಿಲ್ಲ. ನಿಮ್ಮ ಮನೆಯಲ್ಲಿ ಎರಡು ದಿನ ಒಡೆದು ಹೋಗುವ ಕೆಲಸಗಾರ ಮರುದಿನ ಇನ್ನೊಂದು ಮನೆಯಲ್ಲಿ ಒಡೆಯುತ್ತಾನೆ, ಬದುಕಿಡೀ. ಮುಖಕ್ಕೆ ಕಟ್ಟಿಕೊಂಡ ಟವೆಲ್ ಈ ದೂಳನ್ನು ತಡೆಯುವುದಿಲ್ಲ. ಎನ್95 ಮಾಸ್ಕುಗಳನ್ನು ನೀವೇ ತಂದು ಕೊಡಿ, ಹಾಕಿಕೊಂಡೇ ಕೆಲಸ ಮಾಡಿ ಎಂದು ಹೇಳಿ. ಸ್ಪ್ರೇ ಬಾಟಲಿಯಲ್ಲಿ ಆಗಾಗ ನೀರು ಚಿಮುಕಿಸಿ, ಬಿಂದಿಗೆಯಿಂದ ಸುರಿಯಬೇಡಿ. ಕಟರಿನ ಕೆಲಸ ಆದಷ್ಟೂ ಮನೆಯ ಹೊರಗೆ, ನೀರು ಬಿಡುತ್ತಾ ಆಗಲಿ. ಒಳಗೇ ಕೊಯ್ಯಬೇಕಾದ ಆ ಗೆರೆಗಳಿಗೆ ನೀರು ಬಿಡುವಾಗ ಕಟರಿನ ಕರೆಂಟೂ ಆರ್‌ಸಿಸಿಬಿ ಲೈನಿನದೇ ಆಗಿರಲಿ. ಹಾಲಿನ ಕಡೆಯ ಬಾಗಿಲಿಗೆ ಎರಡು ಪದರ ಪ್ಲಾಸ್ಟಿಕ್ ಶೀಟ್ ಟೇಪ್ ಹಾಕಿ ಮುಚ್ಚಿ, ಹಿಂಬಾಗಿಲಿನಿಂದಲೇ ಓಡಾಟ ಇಟ್ಟುಕೊಳ್ಳಿ. ಸಂಜೆ ಒಣ ಪೊರಕೆ ಹಿಡಿಯಬಾರದು, ದಿನವಿಡೀ ಕೂತ ದೂಳು ಮತ್ತೆ ಏಳುತ್ತದೆ. ಇಷ್ಟೆಲ್ಲ ಮಾಡಿದರೂ ಉಬ್ಬಸ ಇರುವವರು ಆ ಮನೆಯಲ್ಲಿರುವುದು ಸರಿಯಲ್ಲ. ಒಡೆದು, ಕಸ ಸಾಗಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಮುಗಿಯುವವರೆಗೆ ಅತ್ತೆಯವರು ನೆಂಟರ ಮನೆಯಲ್ಲಿರಲಿ.

ನೆಲ ತೆರೆದ ಮೇಲೆ ಅವಸರ ಮಾಡಬೇಡಿ. ಒದ್ದೆ ಮಣ್ಣನ್ನೆಲ್ಲ ಗಟ್ಟಿ ಮಣ್ಣು ಸಿಗುವವರೆಗೆ ತೆಗೆಸಿ. ಸ್ಟೋನ್‌ವೇರ್ ಪೈಪಿನ ಒಂದು ಜೋಡಣೆ ಸೋತಿದ್ದರೆ ಉಳಿದವೂ ಅದೇ ವಯಸ್ಸಿನವು, ಚೇಂಬರಿನವರೆಗೂ ಪಿವಿಸಿ ಪೈಪು ಹಾಕಿಸಿಬಿಡಿ. ಇಳಿಜಾರು 40ಕ್ಕೆ 1, ಅಂದರೆ ಹತ್ತಡಿಗೆ ಮೂರು ಇಂಚು. ಮುಚ್ಚುವ ಮೊದಲು ಅದೇ ಬಟ್ಟೆ ತುರುಕುವ ಪರೀಕ್ಷೆಯನ್ನು ಮತ್ತೆ ಮಾಡಿ. ಪೈಪು ಗೋಡೆಯಿಂದ ಎಷ್ಟು ದೂರದಲ್ಲಿದೆ ಎಂದು ಟೇಪ್ ಹಿಡಿದು ಫೋಟೊ ತೆಗೆದಿಟ್ಟುಕೊಳ್ಳಿ. ಗೆದ್ದಲಿನ ಔಷಧಿ ಹಾಕಿಸುವುದಿದ್ದರೆ ಇದೇ ಸಮಯ. ಅದರ ವಾಸನೆ ಆರುವವರೆಗೂ ಅತ್ತೆಯವರು ಬರುವುದು ಬೇಡ.

ತುಂಬುವಾಗ ಒಂದೇ ಸಲ ಸುರಿದು ಮೇಲೆ ತುಳಿಯುವುದಲ್ಲ. ಆರು ಇಂಚಿಗೊಂದು ಪದರ, ನೀರು ಬಿಟ್ಟು, ಗುದ್ದಿ, ಮತ್ತೆ ಪದರ. ಒಡೆದ ಗಾರೆ, ಕಲ್ಲಿನ ಚೂರನ್ನೇ ಕೊನೆಯ ಪದರಕ್ಕೆ ಸೋಲಿಂಗ್ ಆಗಿ (ಕಾಂಕ್ರೀಟಿನಡಿಯ ಕಲ್ಲುಹಾಸಾಗಿ) ಹಾಸಿ, ಸಂದಿಗಳಿಗೆ ಎಂ ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಹಾಕಿ ನೀರಿನಲ್ಲಿ ಇಳಿಸಬಹುದು. ಸಂದಿ ತುಂಬದಿದ್ದರೆ ಹೆಗ್ಗಣಕ್ಕೆ ದಾರಿ ಮಾಡಿಕೊಟ್ಟಂತೆ. ಮೇಲೆ ನಾಲ್ಕು ಇಂಚು ಕಾಂಕ್ರೀಟ್, ದಪ್ಪ ಜಲ್ಲಿಯ 1:4:8 ಮಿಶ್ರಣ (ಸಿಮೆಂಟ್, ಮರಳು, ಜಲ್ಲಿ) ಸಾಕು, ಏಳು ದಿನ ನೀರುಣಿಸಿ. ಆ ವಾರ ಅಡುಗೆ ಹಿಂದಿನ ವರಾಂಡದಲ್ಲೋ ಊಟದ ಮನೆಯಲ್ಲೋ ಆಗಬೇಕು, ಮೊದಲೇ ಯೋಚಿಸಿಟ್ಟುಕೊಳ್ಳಿ. ಆ ಮೇಲೆ ಟೈಲ್ಸೋ ಹಳೆಯ ಕಲ್ಲೋ. ಟೈಲ್ಸ್ ಆದರೆ ಹೊಳಪಿನದು ಬೇಡ, ಎಣ್ಣೆ ಬಿದ್ದಾಗ ವಯಸ್ಸಾದವರ ಕಾಲು ಜಾರುತ್ತದೆ. ಮ್ಯಾಟ್ ತೆಗೆದುಕೊಳ್ಳಿ.

ಇದನ್ನು ಓದುವ ಬೇರೆಯವರಿಗೆ ಎರಡು ಮಾತು. ನೆಲ ಎಲ್ಲೂ ಕುಸಿಯದೆ, ಟೊಳ್ಳಿಲ್ಲದೆ ಗಟ್ಟಿಯಾಗಿದ್ದರೆ ಮೇಲೆಯೇ ಟೈಲ್ಸ್ ಹಾಕುವುದು ಒಳ್ಳೆಯ ಉಪಾಯವೇ. ಟೈಲ್ಸ್ ಮೇಲೆ ಟೈಲ್ಸ್ ಅಂಟಿಸಲು ಎಂದು ಚೀಲದ ಮೇಲೆ ಬರೆದಿರುವ ಅಂಟನ್ನೇ ಬಳಸಿ, ಬರೀ ಸಿಮೆಂಟ್ ಹಾಲು ಹಿಡಿಯುವುದಿಲ್ಲ. ನೆಲ ಸುಮಾರು 15 ಮಿ.ಮೀ. ಏರುತ್ತದೆ, ಬಾಗಿಲಿನ ಅಡಿ ಸೀಳಬೇಕಾಗಬಹುದು. ಮಹಡಿಯ ಮನೆಯವರಾದರೆ ನೆಲದ ಅಡಿಯಲ್ಲಿರುವುದು ನಾಲ್ಕೈದು ಇಂಚಿನ ಸ್ಲ್ಯಾಬ್, ಅದರೊಳಗೆ ಕರೆಂಟಿನ ಪೈಪುಗಳೂ ಇರುತ್ತವೆ. ಸ್ಲ್ಯಾಬಿಗೆ ಚಾಣ ತಾಗಬಾರದು, ಕೆಳಗಿನ ಮನೆಯವರಿಗೆ ಮೊದಲೇ ಹೇಳಿ. ಪೋಸ್ಟ್ ಟೆನ್ಷನ್ ಸ್ಲ್ಯಾಬ್ (ಒಳಗೆ ಬಿಗಿಯಾಗಿ ಎಳೆದು ಕಟ್ಟಿದ ಉಕ್ಕಿನ ಹುರಿಗಳಿರುವ ಸ್ಲ್ಯಾಬ್) ಇರುವ ಅಪಾರ್ಟ್‌ಮೆಂಟುಗಳಲ್ಲಿ ಅಸೋಸಿಯೇಶನ್ನಿನಿಂದ ನಕ್ಷೆ ನೋಡದೆ ಒಂದು ತೂತನ್ನೂ ಹೊಡೆಯಬಾರದು.

ಕೊನೆಗೆ ಕಸದ ಲೆಕ್ಕ. ಎಂಬತ್ತು ಚದರ ಅಡಿಯಲ್ಲಿ ಕಲ್ಲು, ಗಾರೆ ಸೇರಿ ಮೂರು ಇಂಚು ಕಿತ್ತರೆ ಒಂದು ಟನ್ನಿಗಿಂತ ಹೆಚ್ಚು ತೂಕ. ಸಿಮೆಂಟ್ ಚೀಲಕ್ಕೆ ಮೂವತ್ತು ಕೆ.ಜಿ.ಯಂತೆ ತುಂಬಿದರೆ ಮೂವತ್ತೈದು ನಲವತ್ತು ಚೀಲ, ಟಾಟಾ ಏಸ್‌ನಲ್ಲಿ ಎರಡು ಸಲ. ಬಾಯಿತುಂಬ ತುಂಬಿದ ಚೀಲವನ್ನು ಯಾರಿಂದಲೂ ಹೊರಿಸಬೇಡಿ. ಮಾತಾಡುವಾಗಲೇ ಒಡೆಯುವ ಕೂಲಿ, ಸಾಗಿಸುವ ಬಾಡಿಗೆ ಬೇರೆಬೇರೆ ಬರೆಸಿಕೊಳ್ಳಿ, ಎಲ್ಲಿಗೆ ಒಯ್ಯುತ್ತೀರಿ ಎಂದು ಕೇಳಿ. ಎಲ್ಲೋ ಹಾಕ್ತೀವಿ ಸಾರ್ ಅಂದರೆ ಅದು ಖಾಲಿ ಸೈಟಿಗೋ ರಾಜಕಾಲುವೆಗೋ ಕೆರೆಯಂಚಿಗೋ ಹೋಗುತ್ತದೆ. ಕಟ್ಟಡ ತ್ಯಾಜ್ಯವನ್ನು ರಸ್ತೆ, ಚರಂಡಿಗೆ ಸುರಿಯಬಾರದೆಂದು ಕೇಂದ್ರದ ನಿಯಮಗಳೇ ಹೇಳಿವೆ. ವಾರ್ಡಿನ ಘನತ್ಯಾಜ್ಯ ವಿಭಾಗದವರನ್ನು ಕೇಳಿ, ಅವರು ಹೇಳಿದ ಜಾಗಕ್ಕೆ ಕಳಿಸಿ. ಕೂಲಿಯ ಕೊನೆಯ ಕಂತನ್ನು ಎರಡನೆಯ ಗಾಡಿ ಅಲ್ಲಿ ಇಳಿಸಿದ ಫೋಟೊ ನೋಡಿದ ಮೇಲೆ ಕೊಡಿ.